ಪ್ರಶಸ್ತಿ, ದತ್ತಿ, ಶಾಪ: ಮನೆಯೊಂದಕ್ಕೆ ಊರು ಬರೆದುಕೊಡುವ ಶಾಸನ

ಮೈಸೂರಿನ ಯಾದವಗಿರಿಯಲ್ಲಿ, ವಿವೇಕಾನಂದ ರಸ್ತೆಯ ಮಗ್ಗುಲಿಗೆ, ಬಿಳಿಯ ಬಣ್ಣ ಬಳಿದ ಎರಡು ಅಂತಸ್ತಿನ ಮನೆಯೊಂದುಂಟು. ಅಂಬಾವಿಲಾಸ, ಜಗನ್ಮೋಹನ, ಲಲಿತಮಹಲುಗಳೆಂಬ ಅರಮನೆಗಳನ್ನೂ ಗುಮ್ಮಟ ಗೋಪುರಗಳ ಸಾರ್ವಜನಿಕ ಸೌಧಗಳನ್ನೂ ನೋಡಿ ಕಣ್ದಣಿದು ಬಂದ ಪ್ರವಾಸಿಯನ್ನು ತಾನಾಗಿ ಕರೆದು ನಿಲ್ಲಿಸುವಂಥ ಮನೆಯಲ್ಲ ಇದು. ಒಂದು ಕಡೆಯ ಗೋಡೆ ನೆಟ್ಟಗೆ ನಿಲ್ಲದೆ ಅರ್ಧವರ್ತುಲವಾಗಿ ಹೊರಕ್ಕೆ ಬಾಗಿರುವುದನ್ನು ಬಿಟ್ಟರೆ, ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಆದಾಯದ ಅಳತೆಗೆ ಆಸೆಯನ್ನು ತಗ್ಗಿಸಿಕೊಂಡ ಮಧ್ಯಮವರ್ಗದ ಗೃಹಸ್ಥರು ಹೊಸ ಬಡಾವಣೆಗಳಲ್ಲಿ ಕಟ್ಟಿಸಿಕೊಂಡ ನೂರಾರು ಮನೆಗಳಲ್ಲಿ ಇದೂ ಒಂದು. ಆದರೂ ಇಂದು ಇದರ ಹೊಸ್ತಿಲನ್ನು ಯಾರು ಬೇಕಾದರೂ ದಾಟಬಹುದು. ಗೋಡೆಯನ್ನು ಮಾತ್ರ ಯಾರೂ ಕೆಡಹುವಂತಿಲ್ಲ. ‘ಸ್ವಾಮಿ ಅಂಡ್ ಫ್ರೆಂಡ್ಸ್’, ‘ದಿ ಗೈಡ್’ ಮುಂತಾದ ಕಾದಂಬರಿಗಳ ಕರ್ತೃವೂ ಮಾಲ್ಗುಡಿಯೆಂಬ ಕಲ್ಪನೆಯ ಊರಿನ ನಿರ್ಮಾಪಕರೂ ಆದ ಆರ್. ಕೆ. ನಾರಾಯಣರು ವಾಸವಾಗಿದ್ದ ಮನೆ ಇದು.

ಒಬ್ಬರ ಸ್ವಂತ ಆಸ್ತಿಯಾದ ಮನೆಯನ್ನು ಪಾರಂಪರಿಕ ಕಟ್ಟಡವೆಂದು ಊರು ಅಧಿಕೃತವಾಗಿ ಘೋಷಿಸಿದಾಗ ವಾಸ್ತವವಾಗಿ ಬದಲಾಗುವುದೇನು? ಇಟ್ಟಿಗೆ ಅದೇ, ಗಾರೆ ಅದೇ, ಮಳೆ ಬಂದರೆ ಸೋರುವ ಮೂಲೆಯೂ ಅದೇ. ಬದಲಾಗುವುದು ಮನೆಗೂ ಊರಿಗೂ ಇರುವ ಸಂಬಂಧವೊಂದೇ. ಆ ಸಂಬಂಧದ ಸ್ವರೂಪವನ್ನು ತಿಳಿಯಬೇಕಾದರೆ ನಮ್ಮ ನಾಡಿನ ಹಳೆಯ ಕಲ್ಬರಹಗಳ ಕಡೆಗೆ ಒಮ್ಮೆ ತಿರುಗುವುದು ಒಳಿತು. ದೇವಾಲಯಕ್ಕೋ ಬಸದಿಗೋ ಕೆರೆಗೋ ಬರೆಯಿಸಿದ ದಾನಶಾಸನವೊಂದನ್ನು ಓದಿದರೆ ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗಗಳು ತೋರುತ್ತವೆ. ಮೊದಲನೆಯದು ಪ್ರಶಸ್ತಿ, ಎಂದರೆ ಅರಸನ, ವಂಶದ, ಸ್ಥಳದ ಹೊಗಳಿಕೆ. ಎರಡನೆಯದು ದತ್ತಿ: ಇಂಥ ಊರಿನಲ್ಲಿ, ಇಂಥ ಕೆರೆಯ ಕೆಳಗೆ, ಇಂಥ ಎಲ್ಲೆಗಳ ನಡುವೆ ಇಷ್ಟು ಭೂಮಿಯೆಂದು ನಾಲ್ಕು ದಿಕ್ಕಿನ ಗುರುತುಗಳೊಡನೆ ಬರೆದ ಲೆಕ್ಕ. ಮೂರನೆಯದು ಶಾಪ: ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗಲಿ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಬೆದರಿಕೆ. ಇಂದಿನ ಸರ್ಕಾರಿ ಅಧಿಸೂಚನೆಯೂ ಒಂದು ಬಗೆಯ ಶಾಸನವೇ. ಅದರಲ್ಲಿ ಪ್ರಶಸ್ತಿಯಿದೆ, ಶಾಪವೂ ಇದೆ. ನಡುವಣ ದತ್ತಿಯ ಭಾಗವು ಇದೆಯೆ ಇಲ್ಲವೆ ಎಂಬುದರ ಮೇಲೆ ಮನೆಯ ಆಯುಸ್ಸು ನಿಂತಿದೆ.

ಎಂಟು ಕಿಟಕಿಗಳ ಕೋಣೆ

ನಾರಾಯಣರು 1906ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಅಜ್ಜಿಯ ಆಶ್ರಯದಲ್ಲಿ ಬೆಳೆದು, ತಂದೆಯವರು ಮೈಸೂರಿನಲ್ಲಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದುದರಿಂದ ಈ ಊರಿಗೆ ಬಂದವರು. ಮಹಾರಾಜಾ ಕಾಲೇಜಿನಲ್ಲಿ ಓದಿ 1930ರಲ್ಲಿ ಪದವಿ ಪಡೆದು, ಉಪಾಧ್ಯಾಯ ವೃತ್ತಿಯನ್ನು ಹಿಡಿದಷ್ಟೇ ವೇಗವಾಗಿ ಬಿಟ್ಟು, ಬರೆದೇ ಬದುಕುವೆನೆಂಬ ಅಂದಿನ ಕಾಲಕ್ಕೆ ಹುಚ್ಚಾಗಿ ಕಂಡಿರಬಹುದಾದ ಸಂಕಲ್ಪವನ್ನು ತೊಟ್ಟರು. ಮೊದಲ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾದುದು ಗ್ರಹಾಂ ಗ್ರೀನ್ ಎಂಬ ಇಂಗ್ಲಿಷ್ ಕಾದಂಬರಿಕಾರರ ಸಹಾಯದಿಂದ. ನಾಲ್ಕು ವರ್ಷದಲ್ಲೇ, 1939ರಲ್ಲಿ, ಪತ್ನಿ ರಾಜಂ ವಿಷಮಶೀತಜ್ವರದಿಂದ ತೀರಿಕೊಂಡರು. ಎಳೆಯ ಮಗಳು ಕೈಯಲ್ಲಿ ಉಳಿದಳು. ಲಕ್ಷ್ಮೀಪುರದ ಬಾಡಿಗೆಯ ಮನೆಯಲ್ಲಿ ತುಂಬಿದ ಕುಟುಂಬದ ನಡುವೆ ಬರೆಯುತ್ತಿದ್ದ ಅವರು, ನಾಲ್ವತ್ತು ದಾಟಿದ ಮೇಲೆ, ಅಂದು ಊರಾಚೆಯ ದಿಬ್ಬದಂತಿದ್ದ ಯಾದವಗಿರಿಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿಸತೊಡಗಿದರು. 1950ರ ದಶಕದ ಮೊದಲ ವರ್ಷಗಳಲ್ಲಿ ಅದು ಪೂರ್ತಿಯಾಯಿತು.

ಆ ಮನೆಯಲ್ಲಿ ಅವರು ವಿಶೇಷ ಆಸ್ಥೆಯಿಂದ ಮಾಡಿಸಿಕೊಂಡದ್ದು ಒಂದು ಬರವಣಿಗೆಯ ಕೋಣೆ. ಬಾಗಿದ ಗೋಡೆಯಲ್ಲಿ ಎಂಟು ಕಿಟಕಿಗಳು; ದಕ್ಷಿಣಕ್ಕೆ ಚಾಮುಂಡಿಬೆಟ್ಟದ ದೇವಾಲಯ, ಪೂರ್ವಕ್ಕೆ ನಗರದ ಗೋಪುರ ಗುಮ್ಮಟಗಳು, ಸುತ್ತ ಮೇಯುವ ದನಕುರಿಗಳು, ಇಳಿಜಾರನ್ನು ಸೀಳಿಕೊಂಡು ಹೋಗುವ ರೈಲು. ಇಷ್ಟೆಲ್ಲ ಏರ್ಪಾಟು ಮಾಡಿಕೊಂಡು ಬರೆಯಲು ಕುಳಿತಾಗ ಕಂಡುಬಂದದ್ದೇನೆಂದರೆ, ನೋಟವು ಇಷ್ಟು ಸೊಗಸಾಗಿರುವಲ್ಲಿ ಲೇಖನಿಯು ಮುಂದೆ ಸಾಗುವುದಿಲ್ಲವೆಂಬುದು. ಕೊನೆಗೆ ಕಿಟಕಿಗಳಿಗೆಲ್ಲ ದೊಡ್ಡ ಪರದೆಯನ್ನು ಎಳೆಯಿಸಿ, ಹೊರಗಣ ಮೈಸೂರನ್ನು ಮುಚ್ಚಿದ ಮೇಲೆಯೇ ಒಳಗಣ ಮಾಲ್ಗುಡಿಯು ತೆರೆದುಕೊಂಡಿತು. 1974ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನ ‘ಮೈ ಡೇಸ್’ನಲ್ಲಿ ಅವರು ಇದನ್ನು ತಮ್ಮ ಮೇಲೆಯೇ ನಗುತ್ತ ನೆನೆದಿದ್ದಾರೆ. ಮತ್ತೊಂದು ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ: ಅವರಿಗೆ ಸಾಹಿತ್ಯ ಅಕಾಡೆಮಿಯ ಗೌರವವನ್ನು ತಂದ ‘ದಿ ಗೈಡ್’ ರೂಪುಗೊಂಡದ್ದು ಬಹುಪಾಲು ಈ ಕೋಣೆಯಲ್ಲಲ್ಲ, ಅಮೆರಿಕದ ಬರ್ಕ್ಲಿಯ ಒಂದು ಹೋಟೆಲಿನಲ್ಲಿ. ಆದಕಾರಣ ಮಹತ್ಕೃತಿಗಳು ಗೋಡೆಯಿಂದ ಹುಟ್ಟುತ್ತವೆಂಬ ಸ್ಥಳಮಹಿಮೆಯ ಕಥೆಯನ್ನು ಯಾರೂ ಕಟ್ಟಬೇಕಾಗಿಲ್ಲ. ಒಬ್ಬ ಲೇಖಕನು ತನ್ನ ಬದುಕಿನ ಬೆನ್ನೆಲುಬಿನಂಥ ದಶಕಗಳನ್ನು ಎಲ್ಲಿ ಕಳೆದನು, ಬೆಳಗಿನ ಹೊತ್ತು ಯಾವ ಬೆಳಕಿನಲ್ಲಿ ಕುಳಿತನು, ಸಂಜೆ ಯಾವ ಬಾಗಿಲಿನಿಂದ ತಿರುಗಾಟಕ್ಕೆ ಹೊರಟನು ಎಂಬುದನ್ನು ಕಣ್ಣಾರೆ ಕಾಣಗೊಡುವುದೇ ಅಂಥ ಮನೆಯ ಪ್ರಯೋಜನ; ಅದು ಅಲ್ಪವಾದುದಲ್ಲ.

ವೃದ್ಧಾಪ್ಯದಲ್ಲಿ ನಾರಾಯಣರು ಮಗಳ ಕುಟುಂಬವಿದ್ದ ಚೆನ್ನೈಗೆ ತೆರಳಿದರು. 2001ರ ಮೇ ತಿಂಗಳಲ್ಲಿ ಅಲ್ಲಿಯೇ ನಿಧನರಾದರು. ಯಾದವಗಿರಿಯ ಮನೆ ಉತ್ತರಾಧಿಕಾರಿಗಳ ಪಾಲಿಗೆ ಬಂತು. ಆ ವೇಳೆಗೆ ಊರಾಚೆಯ ದಿಬ್ಬವು ನಗರದ ನಟ್ಟನಡುವಣ ಬೆಲೆಯುಳ್ಳ ನೆಲವಾಗಿತ್ತು. ಮನೆಯು ಕಟ್ಟಡ ನಿರ್ಮಾಣಗಾರರ ಕೈ ಸೇರಿತು. ಅದನ್ನು ಉರುಳಿಸಿ ಬಹುಮಹಡಿಯ ವಸತಿಸಮುಚ್ಚಯವನ್ನು ಎಬ್ಬಿಸುವುದು ಉದ್ದೇಶ. 2011ರಲ್ಲಿ ಕೆಡಹುವ ಕೆಲಸವು ಆರಂಭವಾಗಿಯೂ ಹೋಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂತು, ಪೌರರು ದನಿಯೆತ್ತಿದರು, ಆಡಳಿತವು ಹಾರೆ ಪಿಕಾಸಿಗಳನ್ನು ತಡೆದು ನಿಲ್ಲಿಸಿತು. ಆಗ ಎದ್ದುನಿಂತ ಪ್ರಶ್ನೆಯೆಂದರೆ, ಯಾವ ಅಧಿಕಾರದಿಂದ?

ನೂರು ವರ್ಷದ ಗಡಿ

ನಮ್ಮ ದೇಶದಲ್ಲಿ ಹಳೆಯ ಕಟ್ಟಡವೊಂದಕ್ಕೆ ಕಾನೂನಿನ ರಕ್ಷೆ ಮೂರು ಮೆಟ್ಟಿಲುಗಳಲ್ಲಿ ದೊರೆಯುತ್ತದೆ. ಎತ್ತರದ ಮೆಟ್ಟಿಲು ಕೇಂದ್ರದ್ದು. 1904ರ ಬ್ರಿಟಿಷ್ ಕಾಯಿದೆಯ ಪರಂಪರೆಯಲ್ಲಿ ಬಂದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಅಡಿಯಲ್ಲಿ ದೇಶದಾದ್ಯಂತ ಸುಮಾರು 3,700 ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆಶ್ರಯದಲ್ಲಿವೆ. ಹಂಪೆ, ಪಟ್ಟದಕಲ್ಲು, ಬೇಲೂರು, ಹಳೇಬೀಡುಗಳು ಈ ಸಾಲಿನವು. 2010ರ ತಿದ್ದುಪಡಿಯಾದ ಮೇಲೆ ಇವುಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ನಿಯಂತ್ರಣ. ಎರಡನೆಯ ಮೆಟ್ಟಿಲು ರಾಜ್ಯದ್ದು. ಕರ್ನಾಟಕದಲ್ಲಿ ಇದಕ್ಕೆ 1961ರ ಕಾಯಿದೆ ಆಧಾರ. ಕೇಂದ್ರದ ಕಾಯಿದೆಯು ಸ್ಮಾರಕವೆನಿಸಿಕೊಳ್ಳಲು ಕನಿಷ್ಠ ನೂರು ವರ್ಷ ವಯಸ್ಸಾಗಿರಬೇಕೆಂದು ವಿಧಿಸುತ್ತದೆ. ಅಂದಮೇಲೆ ಅರವತ್ತು ತುಂಬಿರದ ಯಾದವಗಿರಿಯ ಮನೆ ಆ ದೊಡ್ಡ ಬಾಗಿಲಿನ ಹೊರಗೇ ನಿಲ್ಲಬೇಕಾದ ಬಾಲಕ. ಒಬ್ಬ ಲೇಖಕನು ತೀರಿಕೊಂಡು ಹತ್ತು ವರ್ಷವಾದಾಗ ಅವನ ಮನೆ ಅಪಾಯಕ್ಕೆ ಸಿಲುಕುವುದೇ ಲೋಕದ ರೂಢಿಯಾಗಿರುವಾಗ, ನೂರು ವರ್ಷ ಕಾಯಬೇಕೆನ್ನುವ ಕಾನೂನು ಅದನ್ನು ಹೇಗೆ ಉಳಿಸೀತು?

ಮೂರನೆಯ ಮೆಟ್ಟಿಲಿನ ಮಹತ್ವವಿರುವುದು ಇಲ್ಲಿ. ಇದು ಪುರಾತತ್ವದ ಶಾಖೆಗೆ ಸೇರಿದ್ದಲ್ಲ, ನಗರಯೋಜನೆಗೆ ಸೇರಿದ್ದು. ಯಾವ ಬೀದಿಯಲ್ಲಿ ಎಷ್ಟು ಎತ್ತರ ಕಟ್ಟಬಹುದು, ರಸ್ತೆಯಿಂದ ಎಷ್ಟು ಹಿಂದೆ ಸರಿದಿರಬೇಕು ಎಂದು ನಿಯಮಿಸುವ ಅದೇ ಸ್ಥಳೀಯ ಅಧಿಕಾರವು, ಈ ಮನೆಯನ್ನು ಕೆಡಹಬಾರದು, ಇದರ ಮುಖವನ್ನು ವಿರೂಪಗೊಳಿಸಬಾರದು ಎಂದೂ ನಿಯಮಿಸಬಹುದು. ಭಾರತದಲ್ಲಿ ಈ ದಾರಿಯನ್ನು ಮೊದಲು ತೆರೆದದ್ದು ಮುಂಬಯಿ. 1995ರ ಅದರ ಪಾರಂಪರಿಕ ನಿಯಮಾವಳಿಯು ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೊದಲನೆಯ ದರ್ಜೆಯದು ರಾಷ್ಟ್ರಮಹತ್ವದ್ದು, ಅದನ್ನು ಮುಟ್ಟುವಂತಿಲ್ಲವೆಂದೇ ಹೇಳಬಹುದು. ಎರಡನೆಯದರಲ್ಲಿ ಒಳಗಣ ಮಾರ್ಪಾಟಿಗೆ ಒಂದಿಷ್ಟು ಅವಕಾಶ. ಮೂರನೆಯದು ಬೀದಿಯ ಒಟ್ಟು ಚೆಲುವಿಗೆ ಕಾರಣವಾದದ್ದು, ಅದರಲ್ಲಿ ಸಡಿಲಿಕೆ ಇನ್ನೂ ಹೆಚ್ಚು. ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಗಳನ್ನು ಆಹ್ವಾನಿಸಿ, ಅವನ್ನು ಕೇಳಿದ ಮೇಲೆ ಅಂತಿಮ ಅಧಿಸೂಚನೆ. ಆಮೇಲೆ ಯಾವ ಬದಲಾವಣೆಗೂ ತಜ್ಞರ ಸಮಿತಿಯ ಅಭಿಪ್ರಾಯ. ಕರ್ನಾಟಕದಲ್ಲಿಯೂ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಗೆ ಪಾರಂಪರಿಕ ಕಟ್ಟಡ, ಪಾರಂಪರಿಕ ಪ್ರದೇಶ ಎಂಬ ಪರಿಕಲ್ಪನೆಗಳು ಬಂದು ಸೇರಿವೆ. ಮೈಸೂರಿನಲ್ಲಿ ಇದಕ್ಕಾಗಿಯೇ ತಜ್ಞರ ಸಮಿತಿಯುಂಟು. ಇಲ್ಲಿ ಕೇಳುವುದು ಮನೆಯ ವಯಸ್ಸನ್ನಲ್ಲ, ಊರಿನ ನೆನಪಿನಲ್ಲಿ ಅದಕ್ಕಿರುವ ಸ್ಥಾನವನ್ನು.

ಬರಿಯ ಗೌರವಕ್ಕೂ ರಕ್ಷಣೆಗೂ ಇರುವ ಅಂತರವನ್ನು ಲಂಡನ್ನಿನ ಒಂದು ಮನೆ ಚೆನ್ನಾಗಿ ತಿಳಿಸುತ್ತದೆ. ಪ್ರಸಿದ್ಧರು ಬಾಳಿದ ಮನೆಗಳ ಗೋಡೆಗೆ ಫಲಕ ಹಾಕುವ ಪದ್ಧತಿ ಆ ನಗರದಲ್ಲಿ ಆರಂಭವಾದದ್ದು 1867ರಲ್ಲಿ, ಕವಿ ಬೈರನ್ ಹುಟ್ಟಿದ ಹೋಲ್ಸ್ ಬೀದಿಯ ಮನೆಯಿಂದ. ಫಲಕವೇನೋ ಗೋಡೆಯ ಮೇಲಿತ್ತು. 1889ರಲ್ಲಿ ಗೋಡೆಯೇ ಇಲ್ಲವಾಯಿತು. ಪ್ರಶಸ್ತಿಯಷ್ಟೇ ಇದ್ದು ಶಾಪವೂ ದತ್ತಿಯೂ ಇಲ್ಲದ ಶಾಸನದ ಗತಿ ಇದು. ಅಮೆರಿಕದ ವ್ಯವಸ್ಥೆಯಲ್ಲಿ ಇದೇ ಅಂತರವು ಕಾನೂನಿನಲ್ಲಿಯೇ ಕೆತ್ತಿದಂತಿದೆ. ಅಲ್ಲಿ ಇಡೀ ರಾಷ್ಟ್ರದ ಐತಿಹಾಸಿಕ ಸ್ಥಳಗಳ ದಾಖಲೆಯಲ್ಲಿ ಹೆಸರು ಸೇರುವುದು ದೊಡ್ಡ ಮರ್ಯಾದೆಯೇ ಹೌದಾದರೂ, ತನ್ನ ಸ್ವಂತ ಹಣದಿಂದ ಮನೆಯನ್ನು ಉರುಳಿಸಹೊರಟ ಖಾಸಗಿ ಒಡೆಯನನ್ನು ಆ ಮರ್ಯಾದೆ ತಡೆಯಲಾರದು. ತಡೆಯುವ ಶಕ್ತಿಯಿರುವುದು ಊರಿನ ಪೌರಸಂಸ್ಥೆಯು ಕೊಡುವ ಸ್ಥಳೀಯ ಸ್ಮಾರಕವೆಂಬ ಪದವಿಗೆ. ಅಧಿಕಾರವು ಚಿಕ್ಕದಾದಷ್ಟೂ ಅದರ ಹಿಡಿತ ಬಿಗಿ.

ಆ ಹಿಡಿತವು ನ್ಯೂಯಾರ್ಕಿಗೆ ದಕ್ಕಿದ್ದು ಒಂದು ದೊಡ್ಡ ನಷ್ಟದ ತರುವಾಯ. 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ರೈಲುನಿಲ್ದಾಣವೆಂಬ ಭವ್ಯ ಶಿಲಾಸೌಧವನ್ನು 1963ರಿಂದ ಕೆಡಹತೊಡಗಿದಾಗ ಜನರ ಕಣ್ಣು ತೆರೆಯಿತು. 1965ರಲ್ಲಿ ಸ್ಮಾರಕಗಳ ಕಾನೂನು ಬಂತು. ಆ ಕಾನೂನಿನ ಪ್ರಕಾರ ಕಟ್ಟಡಕ್ಕೆ ಮೂವತ್ತು ವರ್ಷವಾಗಿದ್ದರೆ ಸಾಕು. ಬಹಿರಂಗ ವಿಚಾರಣೆ ನಡೆಯಬೇಕು. ಒಡೆಯನ ಸಮ್ಮತಿ ಕಡ್ಡಾಯವಲ್ಲ. ಗ್ರ್ಯಾಂಡ್ ಸೆಂಟ್ರಲ್ ಎಂಬ ಮತ್ತೊಂದು ನಿಲ್ದಾಣದ ಮೇಲೆ ಗಗನಚುಂಬಿಯನ್ನು ಕಟ್ಟಲು ಅನುಮತಿ ದೊರೆಯದ ರೈಲ್ವೆ ಕಂಪನಿಯು, ಇದು ಪರಿಹಾರವಿಲ್ಲದೆ ಆಸ್ತಿಯನ್ನು ಕಸಿದಂತೆ ಎಂದು ವಾದಿಸಿ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1978ರಲ್ಲಿ ನ್ಯಾಯಾಲಯವು ಆರಕ್ಕೆ ಮೂರರ ಬಹುಮತದಿಂದ ನಗರದ ಪರವಾಗಿ ತೀರ್ಪಿತ್ತಿತು. ಕಂಪನಿಯು ನಿಲ್ದಾಣವನ್ನು ನಿಲ್ದಾಣವಾಗಿ ಬಳಸಿ ಸಂಪಾದಿಸಬಹುದು, ಮೇಲೆ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ನೆರೆಯ ನಿವೇಶನಗಳಿಗೆ ವರ್ಗಾಯಿಸಿಕೊಳ್ಳಬಹುದು ಎಂಬುದನ್ನು ಅದು ಪರಿಗಣಿಸಿತು. ಈ ನಗರವು ಕಾಪಾಡಿದ್ದು ಸೌಧಗಳನ್ನು ಮಾತ್ರವೇ ಅಲ್ಲ. ಜಾಝ್ ಸಂಗೀತದ ಲೂಯಿ ಆರ್ಮ್‌ಸ್ಟ್ರಾಂಗ್ 1943ರಿಂದ 1971ರಲ್ಲಿ ತೀರಿಕೊಳ್ಳುವವರೆಗೆ ವಾಸವಾಗಿದ್ದ, ಕ್ವೀನ್ಸ್ ಭಾಗದ ಕೊರೋನಾ ಬಡಾವಣೆಯ ಸಾಧಾರಣ ಇಟ್ಟಿಗೆಯ ಮನೆಗೂ 1988ರಲ್ಲಿ ಈ ಪದವಿ ಬಂತು. ಯಾದವಗಿರಿಯ ಮನೆಗೆ ಅದು ದೂರದ ನಂಟಸ್ತಿಕೆ.

ಒಡೆಯನ ಪಾಡು

ಇಷ್ಟು ಹೇಳಿ ಒಡೆಯನ ಮಾತನ್ನು ಕೇಳದೆ ಹೋದರೆ ಅನ್ಯಾಯವಾದೀತು. ತಾತನು ಪ್ರಸಿದ್ಧನಾದುದು ಮೊಮ್ಮಗನ ಅಪರಾಧವಲ್ಲ. ಪಕ್ಕದ ನಿವೇಶನದವನು ಹಳೆಯ ಮನೆಯನ್ನು ಕೊಟ್ಟು ಕೋಟಿಗಳನ್ನು ಎಣಿಸುತ್ತಿರುವಾಗ, ಒಂದು ಕಾಗದ ಬಂದು, ನಿಮ್ಮ ಮನೆ ಊರಿನ ಹೆಮ್ಮೆಯಾದುದರಿಂದ ನೀವು ಅದನ್ನು ಕೆಡಹಕೂಡದು, ಕಿಟಕಿಯ ಚೌಕಟ್ಟನ್ನೂ ಕೇಳದೆ ಬದಲಿಸಕೂಡದು, ದುರಸ್ತಿಯ ವೆಚ್ಚವನ್ನು ಮಾತ್ರ ನೀವೇ ಭರಿಸತಕ್ಕದ್ದು ಎಂದು ಹೇಳಿದರೆ, ಅಂಥ ಹೆಮ್ಮೆಯನ್ನು ಹೊತ್ತುಕೊಳ್ಳಲು ಯಾವ ಗೃಹಸ್ಥನಿಗೆ ಮನಸ್ಸು ಬಂದೀತು? ಊರಿನ ಸಂತೋಷಕ್ಕೆ ಒಬ್ಬನೇ ತೆರಿಗೆ ತೆತ್ತಂತಾಗುತ್ತದೆ. ಪಟ್ಟಿಯು ಪ್ರಕಟವಾಗುವ ಮುನ್ನವೇ ರಾತ್ರೋರಾತ್ರಿ ಮನೆಗಳು ಉರುಳುವುದಕ್ಕೂ, ಪ್ರಕಟವಾದ ಮೇಲೆ ಹೆಂಚು ಸರಿಸಿ ಮಳೆನೀರಿಗೆ ದಾರಿ ಬಿಟ್ಟು, ಕೆಡಹಲಾಗದ ಮನೆಯನ್ನು ತಾನಾಗಿ ಬೀಳಗೊಡುವುದಕ್ಕೂ ಇದೇ ಮೂಲ. ಶಾಪಕ್ಕೆ ಅಂಜಿ ಕೈಯೆತ್ತದವನು ಕೈಕಟ್ಟಿ ಕುಳಿತೇ ಅದೇ ಫಲವನ್ನು ಪಡೆಯಬಲ್ಲನು.

ಮುಂಬಯಿಯ ನಿಯಮಗಳಲ್ಲಿ ಇದಕ್ಕೊಂದು ಉಪಾಯವನ್ನು ಹುಡುಕಿದ್ದಾರೆ: ಪಾರಂಪರಿಕ ಕಟ್ಟಡದ ಒಡೆಯನು ತನ್ನ ನೆಲದಲ್ಲಿ ಕಟ್ಟಲಾಗದೆ ಕಳೆದುಕೊಂಡ ವಿಸ್ತೀರ್ಣಕ್ಕೆ ಸಮನಾದ ಅಭಿವೃದ್ಧಿಯ ಹಕ್ಕನ್ನು ಪತ್ರರೂಪದಲ್ಲಿ ಪಡೆದು, ಬೇರೆಡೆ ಕಟ್ಟುವವರಿಗೆ ಮಾರಬಹುದು. ನ್ಯೂಯಾರ್ಕಿನ ವರ್ಗಾವಣೆಯ ಹಕ್ಕೂ ಇದರ ಜಾತಿಯದೇ. ಕೆರೆಯ ಕೆಳಗಣ ಗದ್ದೆಯ ಬದಲು ಗಾಳಿಯಲ್ಲಿರುವ ಅಂತಸ್ತನ್ನು ದತ್ತಿ ಬಿಟ್ಟಂತೆ ಇದು. ಎರಡನೆಯ ದಾರಿ ತೆರಿಗೆಯ ರಿಯಾಯಿತಿ. ಮೂರನೆಯದು ದುರಸ್ತಿಗೆ ನೇರವಾದ ಅನುದಾನ. ನಾಲ್ಕನೆಯದು, ಬೇರೆ ಯಾವ ದಾರಿಯೂ ಸಾಗದಿದ್ದಾಗ, ಊರೇ ಹಣ ಕೊಟ್ಟು ಮನೆಯನ್ನು ಕೊಂಡುಕೊಳ್ಳುವುದು.

ಯಾದವಗಿರಿಯಲ್ಲಿ ನಡೆದದ್ದು ಈ ನಾಲ್ಕನೆಯದು. ಪಾರಂಪರಿಕ ಕಟ್ಟಡವೆಂಬ ಮಾತೊಂದರಿಂದಲೇ ಮನೆ ಉಳಿಯಲಿಲ್ಲ. ಮೈಸೂರು ಮಹಾನಗರಪಾಲಿಕೆಯು ಎರಡು ಕೋಟಿ ರೂಪಾಯಿಗೆ ಮಿಕ್ಕಿದ ಬೆಲೆ ಕೊಟ್ಟು ಅದನ್ನು ಖರೀದಿಸಿತು, ಮುರಿದ ಭಾಗಗಳನ್ನು ಮತ್ತೆ ಕಟ್ಟಿಸಿತು, 2016ರ ಜುಲೈ ತಿಂಗಳಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ನಾರಾಯಣರನ್ನು ಓದಿದವರಿಗೆ ಈ ಘಟನೆಯಲ್ಲಿ ಒಂದು ಪರಿಚಿತವಾದ ನಗೆ ಕೇಳಿಸದೆ ಇರದು. ‘ಲಾಲಿ ರೋಡ್’ ಎಂಬ ಅವರ ಕಥೆಯಲ್ಲಿ ಮಾಲ್ಗುಡಿಯ ಪುರಸಭೆಯು ಸ್ವಾತಂತ್ರ್ಯದ ಹುರುಪಿನಲ್ಲಿ ಸರ್ ಫ್ರೆಡೆರಿಕ್ ಲಾಲಿ ಎಂಬ ಆಂಗ್ಲ ಅಧಿಕಾರಿಯ ಪ್ರತಿಮೆಯನ್ನು ಕೀಳಿಸಲು ಹೊರಡುತ್ತದೆ. ಅದನ್ನು ಸಾಗಿಸಿಕೊಂಡು ಹೋದ ಪತ್ರಕರ್ತನ ಮನೆಯೊಳಗೆ ಪ್ರತಿಮೆ ಅಲ್ಲಾಡದಂತೆ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಆ ಲಾಲಿಯು ಊರಿಗೆ ಮಹದುಪಕಾರ ಮಾಡಿದವನೆಂದು ತಿಳಿದುಬಂದು, ಪ್ರತಿಮೆಯನ್ನು ಉಳಿಸಬೇಕೆಂಬ ಕೂಗು ಎದ್ದು, ಕಡೆಗೆ ಪ್ರತಿಮೆಯೊಡನೆ ಮನೆಯನ್ನೇ ಪುರಸಭೆಯ ಅಧ್ಯಕ್ಷನು ಕೊಂಡುಕೊಳ್ಳುವ ಪ್ರಸಂಗ ಬರುತ್ತದೆ. ಹಿಂದಿನ ವಾರ ಕೆಡಹಲು ಹೊರಟದ್ದನ್ನು ಮುಂದಿನ ವಾರ ಪೂಜಿಸಹೊರಡುವ ಪೌರಸಂಸ್ಥೆಗಳ ಸ್ವಭಾವವನ್ನು ಅರ್ಧ ಶತಮಾನಕ್ಕೆ ಮುನ್ನವೇ ಅಷ್ಟು ಮೃದುವಾಗಿ ಚಿತ್ರಿಸಿದವರ ಮನೆಯನ್ನು ಒಂದು ಪೌರಸಂಸ್ಥೆಯೇ ಕೊಂಡುಕೊಂಡದ್ದು ಮಾಲ್ಗುಡಿಯ ವಿಧಿ.

ಇದಕ್ಕೆ ವಿರೋಧವೂ ಬಂತು. ಅದು ಕಡೆಗಣಿಸತಕ್ಕ ವಿರೋಧವಲ್ಲ. ಕನ್ನಡದ ಕೆಲವರು ಹಿರಿಯ ಲೇಖಕರು, ತಮಿಳು ಮನೆಮಾತಿನವರಾಗಿ ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ ಏನನ್ನೂ ಬರೆಯದವರೊಬ್ಬರ ಮನೆಗೆ ಸಾರ್ವಜನಿಕರ ಹಣವನ್ನು ವೆಚ್ಚ ಮಾಡುವುದೇಕೆ, ಕನ್ನಡಕ್ಕಾಗಿ ಬಾಳು ಸವೆಸಿದವರ ಮನೆಗಳ ಗತಿಯೇನು ಎಂದು ಕೇಳಿದರು. ಮೊದಲನೆಯ ಪ್ರಶ್ನೆಗೆ ಸಮಾಧಾನವುಂಟು. ಊರಿನ ನೆನಪು ಭಾಷೆಯ ಗಡಿಯಲ್ಲಿ ನಿಲ್ಲುವಂಥದಲ್ಲ. ಬರೆದ ಭಾಷೆ ಯಾವುದಾದರೂ ನಾರಾಯಣರ ಪಾತ್ರಗಳು ಉಂಡದ್ದು ತಿರುಗಿದ್ದು ಜಗಳವಾಡಿದ್ದು ನಮ್ಮ ಬೀದಿಗಳಂಥ ಬೀದಿಗಳಲ್ಲಿಯೇ. ಈ ನಾಡನ್ನು ಸುತ್ತಿ ‘ದಿ ಎಮೆರಾಲ್ಡ್ ರೂಟ್’ ಎಂಬ ಪ್ರವಾಸಕಥನವನ್ನೂ ಅವರು ಬರೆದರು. ಮಾಲ್ಗುಡಿಯ ಕಥೆಗಳನ್ನು ಶಂಕರನಾಗ್ ದೂರದರ್ಶನಕ್ಕೆ ತಂದಾಗ ಆಗುಂಬೆಯ ಬೀದಿ ಮಾಲ್ಗುಡಿಯ ಬೀದಿಯಾಯಿತು. ಅಂದಿನಿಂದ ಆ ಊರು ಎಲ್ಲಿದೆಯೆಂದು ಕೇಳಿದರೆ ಕನ್ನಡಿಗನು ಸಂದೇಹವಿಲ್ಲದೆ ಮಲೆನಾಡಿನ ಕಡೆಗೆ ಕೈ ತೋರಿಸುತ್ತಾನೆ. ಎರಡನೆಯ ಪ್ರಶ್ನೆಗೆ ಮಾತ್ರ ಅಷ್ಟು ಸುಲಭವಾದ ಉತ್ತರವಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದ ಮನೆ ಉಳಿದು, ಬಾರದ ಮನೆ ಅಳಿದರೆ, ಅದನ್ನು ರಕ್ಷಣೆಯ ನೀತಿಯೆನ್ನಲಾಗದು, ಅದೃಷ್ಟವೆನ್ನಬೇಕು. ಯಾರ ಮನೆಗಳು, ಯಾವ ಕಾರಣಕ್ಕೆ, ಯಾವ ದರ್ಜೆಯಲ್ಲಿ ಎಂಬ ಪಟ್ಟಿಯು ಹಾರೆ ಬೀಳುವುದಕ್ಕೆ ಮೊದಲೇ ಸಿದ್ಧವಾಗಿದ್ದರೆ, ಒಬ್ಬರ ಮನೆಗೂ ಮತ್ತೊಬ್ಬರ ಮನೆಗೂ ಇಂಥ ಪೈಪೋಟಿಯೇ ಹುಟ್ಟುತ್ತಿರಲಿಲ್ಲ.

ಖಂಡಸ್ಫುಟಿತ

ಯಾದವಗಿರಿಯ ಮನೆಯ ಬಾಗಿಲು ತೆರೆದದ್ದು 2016ರ ಜುಲೈಯಲ್ಲಿ ಎಂದೆನಷ್ಟೆ. ಅದರ ಮರುತಿಂಗಳು, ಅದೇ ಊರಿನಲ್ಲಿ, ಶತಮಾನಕ್ಕೂ ಮಿಕ್ಕ ಬಾಳುವೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದುಬಿತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ, 2012ರ ಆಗಸ್ಟಿನಲ್ಲಿ, ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಮಾಡು ಕುಸಿದು ನಾಲ್ವರು ಪ್ರಾಣ ಬಿಟ್ಟಿದ್ದರು. ಇವೆರಡೂ ಯಾರೋ ಖಾಸಗಿ ಒಡೆಯನ ಲೋಭಕ್ಕೆ ಬಲಿಯಾದವಲ್ಲ, ಸಾರ್ವಜನಿಕರ ಆಸ್ತಿಗಳು, ಮೈಸೂರಿನ ಪರಂಪರೆಯೆಂದರೆ ಎಲ್ಲರ ಬಾಯಲ್ಲಿಯೂ ಮೊದಲಿಗೆ ಬರುವ ಹೆಸರುಗಳು. ಪ್ರಶಸ್ತಿಗೆ ಕೊರತೆಯಿರಲಿಲ್ಲ, ಕೆಡಹಬಾರದೆಂಬ ಕಟ್ಟಳೆಗೂ ಕೊರತೆಯಿರಲಿಲ್ಲ. ಇಲ್ಲದೆ ಹೋದದ್ದು ವರ್ಷವರ್ಷವೂ ತಪ್ಪದೆ ನಡೆಯಬೇಕಾದ ಸಣ್ಣ ಕೆಲಸ.

ಹಳೆಯ ಕಟ್ಟಡಕ್ಕೆ ಬರುವ ಮರಣವು ಬಹುಮಟ್ಟಿಗೆ ನೀರಿನಿಂದ. ತಾರಸಿಯ ಸಂದಿನಲ್ಲಿ ಹಕ್ಕಿ ತಂದು ಹಾಕಿದ ಅರಳಿಯ ಬೀಜ ಮೊಳೆಯುತ್ತದೆ. ಬೇರು ಗಾರೆಯನ್ನು ಸೀಳುತ್ತದೆ. ಸೀಳಿನಲ್ಲಿ ಇಳಿದ ಮಳೆಯ ನೀರು ತೊಲೆಯ ತಲೆಯನ್ನು ಕೊಳೆಯಿಸುತ್ತದೆ. ಒಂದು ದಿನ ಮಾಡು ಕೆಳಗಿರುತ್ತದೆ. ಮೊಳಕೆಯನ್ನು ಕಿತ್ತುಹಾಕಲು ಬೇಕಾದದ್ದು ಒಂದು ಏಣಿ, ಒಬ್ಬ ಆಳು, ಒಂದು ಗಳಿಗೆ. ಹತ್ತು ವರ್ಷ ಬಿಟ್ಟು ಮಾಡನ್ನು ಎತ್ತಿ ನಿಲ್ಲಿಸಲು ಕೋಟಿಗಳೂ ಸಾಲವು. ದುರಸ್ತಿಯ ಹೆಸರಿನಲ್ಲಿ ನಡೆಯುವ ಅಪಚಾರವೂ ಉಂಟು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಉಸಿರಾಡುವ ಗೋಡೆ. ಒಳಗೆ ಹೀರಿದ ತೇವವನ್ನು ಅದು ಮತ್ತೆ ಹೊರಕ್ಕೆ ಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಮೆತ್ತಿದರೆ ನೋಡಲು ಗಟ್ಟಿ; ಆದರೆ ತೇವಕ್ಕೆ ಹೊರಬರುವ ದಾರಿ ಮುಚ್ಚಿ, ಇಟ್ಟಿಗೆಯು ಒಳಗೊಳಗೇ ಪುಡಿಯಾಗುತ್ತದೆ. ಆದುದರಿಂದ ಹಣದೊಡನೆ ಸುಣ್ಣವನ್ನು ಅರಳಿಸಿ ಹದಮಾಡಬಲ್ಲ ಗಾರೆಯವನೂ ಬೇಕು, ಅವನ ಕೈಯ ವಿದ್ಯೆ ಮುಂದಿನ ತಲೆಮಾರಿಗೆ ದಾಟುವ ಏರ್ಪಾಟೂ ಬೇಕು.

ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ದೇವಾಲಯಗಳಿಗೆ ಭೂಮಿ ಬಿಟ್ಟ ಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗೆ ಎಂದು ಹೇಳಿ ಅಷ್ಟಕ್ಕೇ ನಿಲ್ಲಿಸದೆ, ಅದೇ ಉಸಿರಿನಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದೂ ಬರೆಯಿಸುತ್ತಿದ್ದರು: ಒಡೆದದ್ದನ್ನು, ಬಿರಿದದ್ದನ್ನು, ಸವೆದದ್ದನ್ನು ಸರಿಪಡಿಸುವುದಕ್ಕೆ. ಕಟ್ಟಿದ ಗುಡಿಯ ಕಲ್ಲು ಇನ್ನೂ ಹೊಸದಾಗಿರುವಾಗಲೇ ಅದು ಬಿರಿಯುವ ದಿನವನ್ನು ಮನಸ್ಸಿಗೆ ತಂದುಕೊಂಡು, ಆ ದಿನಕ್ಕಾಗಿ ಇಂಥ ಗದ್ದೆಯೆಂದು ಎತ್ತಿಟ್ಟ ದೂರದೃಷ್ಟಿ ಅದು. ತಾನು ಕೊಟ್ಟ ದಾನಕ್ಕಿಂತ ಹಿಂದಿನವರು ಕೊಟ್ಟ ದಾನವನ್ನು ಪಾಲಿಸುವುದರಲ್ಲಿ ಇಮ್ಮಡಿ ಪುಣ್ಯವೆಂದು ಆ ಶಾಸನಗಳು ಪದೇ ಪದೇ ಸಾರಿದ್ದೂ ಈ ಅರ್ಥದಲ್ಲಿಯೇ. ಕಟ್ಟುವವನಿಗೆ ಕೀರ್ತಿಯ ಆಸೆಯೊಂದು ಸಾಕು, ಕಾಯುವವನಿಗೆ ಪುಣ್ಯದ ಆಸೆಯನ್ನಾದರೂ ತೋರಿಸಬೇಕು. ಮನೆಗೆ ಸಾರ್ವಜನಿಕವಾದೊಂದು ಬಳಕೆ ದೊರೆಯುವುದೂ ಈ ಪಾಲನೆಯ ಅಂಗವೇ. ಕೊಡಗಿನ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ, ಸರ್ಕಾರಿ ಕಚೇರಿಯಾಗಿ ಬಹುಕಾಲ ಕಳೆದು, 2021ರಲ್ಲಿ ಸೇನಾನಿಯ ಸ್ಮಾರಕವಾಗಿ ತನ್ನ ಹೆಸರಿಗೆ ಮರಳಿತು. ನಿತ್ಯವೂ ಜನರ ಕಾಲು ತಾಗುವ ಮನೆಯಲ್ಲಿ ಸೋರಿಕೆಯು ಬೇಗ ಕಣ್ಣಿಗೆ ಬೀಳುತ್ತದೆ.

ನಾರಾಯಣರ ಎಂಟು ಕಿಟಕಿಗಳು ಈಗ ಮತ್ತೆ ತೆರೆದಿವೆ. ಅವುಗಳಿಂದ ಇಂದು ಕುರಿಮಂದೆಯು ಕಾಣುವುದಿಲ್ಲ. ಅಧಿಸೂಚನೆಯು ಕಿಟಕಿಯನ್ನು ಕಾಪಾಡಬಲ್ಲುದು, ಕಿಟಕಿಯ ಆಚೆಗಿನ ಹುಲ್ಲುಗಾವಲನ್ನು ಮರಳಿ ತರಲಾರದು. ಆ ನೋಟಕ್ಕೆ ಪರದೆ ಎಳೆದವರು ಅವರೇ ಆದುದರಿಂದ, ಅದಕ್ಕಾಗಿ ನಾವು ಅತಿಯಾಗಿ ಮರುಗಬೇಕಾದುದಿಲ್ಲ. ಮನೆಯೊಳಗೆ ಬಂದ ಸಂದರ್ಶಕನು ಅವರ ಚಿತ್ರಗಳನ್ನೂ ಪುರಸ್ಕಾರಗಳನ್ನೂ ನೋಡಿ, ಬಾಗಿದ ಗೋಡೆಯ ಬೆಳಕಿನಲ್ಲಿ ಒಂದು ಗಳಿಗೆ ನಿಂತು, ಹೊರಡುವ ಮುನ್ನ ತಲೆಯೆತ್ತಿ ಮಾಡಿನ ಮೂಲೆಯನ್ನೂ ಒಮ್ಮೆ ನೋಡುವುದು ಒಳ್ಳೆಯದು. ಅಲ್ಲಿ ಬಿರುಕು ಮೂಡಿದ ದಿನ ಏಣಿ ಹಾಕಿ ಹತ್ತುವವನ ಕೂಲಿಯು ಊರಿನ ಯಾವ ಲೆಕ್ಕದ ಪುಸ್ತಕದಲ್ಲಿ, ಯಾವ ಸಾಲಿನಲ್ಲಿ ಬರೆದಿದೆ? ಸಾವಿರ ವರ್ಷದ ಹಿಂದೆ ಕಲ್ಲಿನ ಮೇಲೆ ಉಳಿಯೂರಿ ಕುಳಿತ ಕಂಡರಣೆಯವನು ಆ ಸಾಲನ್ನು ಕೆತ್ತದೆ ಶಾಪದ ಸಾಲಿಗೆ ಕೈಹಾಕುತ್ತಿರಲಿಲ್ಲ.